ವಸ್ತುಸಂಗ್ರಹಾಲಯದ ಬಾಗಿಲು, ಹದಿಹರೆಯದ ದನಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಈ ಎರಡನ್ನೂ ಒಂದೇ ಸೂರಿನ ಕೆಳಗೆ ಸಾಧ್ಯವಾಗಿಸುವ ಸ್ಥಳವೊಂದಿದ್ದರೆ ಅದು ವಸ್ತುಸಂಗ್ರಹಾಲಯ. ತಾಯ್ನಾಡನ್ನು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಈ ವಿಷಯದಲ್ಲಿ ಒಂದು ವಿಶೇಷ ಭಾಗ್ಯವಿದೆ. ಭಾರತದ ಅತಿ ದೊಡ್ಡ ಸಂಗ್ರಹಾಲಯಗಳಲ್ಲಿ ಹಲವು ನಮ್ಮ ಮನೆಗಳಿಂದ ಒಂದು ಬಸ್ಸಿನ ಅಥವಾ ರೈಲಿನ ಪ್ರಯಾಣದಷ್ಟೇ ದೂರದಲ್ಲಿವೆ. ಚೆನ್ನೈಯ ಎಗ್ಮೋರಿನ ಸರಕಾರಿ ಸಂಗ್ರಹಾಲಯ 1851ರಲ್ಲಿ ಸ್ಥಾಪನೆಯಾಯಿತು. ಮುಂಬಯಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ಹೆಸರಾಗಿದ್ದ, ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ 1922ರಿಂದ ಸಾರ್ವಜನಿಕರಿಗೆ ತೆರೆದಿದೆ. ದಿಲ್ಲಿಯಲ್ಲಿ ರಾಷ್ಟ್ರೀಯ ಸಂಗ್ರಹಾಲಯವಿದೆ, ಹೈದರಾಬಾದಿನಲ್ಲಿ ಸಾಲಾರ್ ಜಂಗ್ ಇದೆ, ಪುಣೆಯಲ್ಲಿ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯವಿದೆ.

ಆದರೆ ಇವುಗಳೊಳಗೆ ನಾವು ಕಾಲಿಡುವುದು ಎಷ್ಟು ಸಲ? ಊರಿನಿಂದ ನೆಂಟರು ಬಂದಾಗ ಒಮ್ಮೆ, ಮಕ್ಕಳ ಶಾಲೆಯ ಪ್ರವಾಸದಲ್ಲಿ ಒಮ್ಮೆ. ಅಷ್ಟರಲ್ಲಿ ಮಕ್ಕಳಿಗೆ ಹದಿಮೂರು ಹದಿನಾಲ್ಕು ವರ್ಷ ತುಂಬುತ್ತದೆ. ಆ ಮೇಲೆ ಅವರು ತಾವಾಗಿ ಅತ್ತ ಸುಳಿಯುವುದು ಅಪರೂಪ. ಹಿಂದಿನ ಮದರಾಸಿನ ಜನಸಾಮಾನ್ಯರು ಪ್ರಾಣಿಸಂಗ್ರಹಾಲಯವನ್ನು ‘ಜೀವಂತ ಕಾಲೇಜು’ ಎಂದೂ ಎಗ್ಮೋರಿನ ವಸ್ತುಸಂಗ್ರಹಾಲಯವನ್ನು ‘ಸತ್ತ ಕಾಲೇಜು’ ಎಂದೂ ಕರೆಯುತ್ತಿದ್ದರು. ಹಾಸ್ಯಕ್ಕಾಗಿ ಹುಟ್ಟಿದ ಈ ಮಾತಿನಲ್ಲಿ ಕಹಿಯಾದ ಸತ್ಯವೂ ಅಡಗಿದೆ. ಗಾಜಿನ ಪೆಟ್ಟಿಗೆಯ ಹಿಂದಿನ ವಸ್ತು, ಅದರ ಪಕ್ಕದಲ್ಲಿ ಎರಡು ಸಾಲಿನ ಇಂಗ್ಲಿಷ್ ಚೀಟಿ, ‘ಮುಟ್ಟಬೇಡಿ’ ಎಂಬ ಫಲಕ: ಇಷ್ಟರಿಂದ ಹದಿಹರೆಯದ ಮನಸ್ಸು ಅರಳುವುದಿಲ್ಲ.

ಈ ಸಮಸ್ಯೆಗೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕೆಲವು ದೇಶಗಳ ಸಂಗ್ರಹಾಲಯಗಳು ಒಂದು ವಿನೂತನ ಉತ್ತರವನ್ನು ಕಂಡುಕೊಂಡಿವೆ. ತರುಣರನ್ನು ಕರೆಯುವುದಕ್ಕಾಗಿ ದೊಡ್ಡವರು ಜಾಹೀರಾತು ಬರೆಯುವ ಬದಲು, ತಮ್ಮ ಸಾಮಾಜಿಕ ಮಾಧ್ಯಮಗಳ ಕೆಲಸವನ್ನೇ ತರುಣರ ಕೈಗೆ ಒಪ್ಪಿಸುವುದು ಆ ಉತ್ತರ. ಚಿತ್ರ ತೆಗೆಯುವವರು ಅವರೇ, ಎರಡು ಮಾತು ಬರೆಯುವವರು ಅವರೇ, ಒಂದು ನಿಮಿಷದ ಚಲನಚಿತ್ರವನ್ನು ಜೋಡಿಸುವವರೂ ಅವರೇ. ಈ ಪ್ರಯೋಗದಿಂದ ನಮ್ಮಂತಹ ಸಂಘಗಳು ಏನನ್ನು ಕಲಿಯಬಹುದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮಗುವಿನ ಕೂಗಿನಿಂದ ಹುಟ್ಟಿದ ಚಳವಳಿ

ಲಂಡನಿನ ರಾಯಲ್ ಅಕಾಡೆಮಿಯಲ್ಲಿ 2002ರ ಕೊನೆಯಿಂದ 2003ರವರೆಗೆ ಮೆಕ್ಸಿಕೋದ ಅಜ್ಟೆಕ್ ಜನಾಂಗದ ಕಲಾವಸ್ತುಗಳ ಪ್ರದರ್ಶನವೊಂದು ನಡೆಯಿತು. ಡೀ ಬರ್ಕೆಟ್ ಎಂಬ ಪತ್ರಕರ್ತೆ ತಮ್ಮ ಮಕ್ಕಳೊಡನೆ ಅದನ್ನು ನೋಡಲು ಹೋಗಿದ್ದರು. ಅವರ ಎರಡು ವರ್ಷದ ಮಗ ಒಂದು ಶಿಲ್ಪವನ್ನು ಕಂಡು ‘ರಾಕ್ಷಸ, ರಾಕ್ಷಸ’ ಎಂದು ಕೂಗಿದ. ಗದ್ದಲವಾಯಿತೆಂದು ಇಡೀ ಕುಟುಂಬವನ್ನು ಹೊರಗೆ ಕಳುಹಿಸಲಾಯಿತು. ಆ ತಾಯಿ ಈ ಸಂಗತಿಯನ್ನು ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆದರು. ಓದುಗರಿಂದ ಅಪಾರ ಸ್ಪಂದನ ದೊರಕಿ, 2003ರಲ್ಲಿ ‘ಕಿಡ್ಸ್ ಇನ್ ಮ್ಯೂಸಿಯಮ್ಸ್’ ಎಂಬ ಚಳವಳಿ ಜನ್ಮತಾಳಿತು. ಯೋಚಿಸಿ ನೋಡಿದರೆ ಆ ಮಗು ಮಾಡಿದ್ದು ತಪ್ಪಲ್ಲ. ಆ ಶಿಲ್ಪವನ್ನು ಕಂಡು ನಿಜವಾಗಿ ಬೆರಗಾದ ಪ್ರೇಕ್ಷಕನೆಂದರೆ ಪ್ರಾಯಶಃ ಅವನೇ.

ಈ ಸಂಸ್ಥೆಯ ಪ್ರಯತ್ನದಿಂದ ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿ 2010ರಿಂದ ‘ಟೇಕೋವರ್ ಡೇ’, ಎಂದರೆ ‘ಅಧಿಕಾರ ವಹಿಸಿಕೊಳ್ಳುವ ದಿನ’ ಆಚರಣೆಗೆ ಬಂದಿತು. ಆ ದಿನ ಮಕ್ಕಳು ಪ್ರೇಕ್ಷಕರಲ್ಲ, ಸಿಬ್ಬಂದಿಯವರು. ಒಬ್ಬ ಮಾರ್ಗದರ್ಶಿಯಾಗುತ್ತಾನೆ, ಒಬ್ಬಳು ಬಾಗಿಲಲ್ಲಿ ನಿಂತು ಜನರನ್ನು ಸ್ವಾಗತಿಸುತ್ತಾಳೆ, ಮತ್ತೊಬ್ಬರು ಪ್ರದರ್ಶನಕ್ಕೆ ವಸ್ತುವನ್ನು ಆರಿಸುತ್ತಾರೆ. ಇದರ ಮುಂದಿನ ಹೆಜ್ಜೆಯಾಗಿ ಸಂಗ್ರಹಾಲಯಗಳು ತಮ್ಮ ಸಾಮಾಜಿಕ ಮಾಧ್ಯಮದ ಖಾತೆಗಳನ್ನೂ ಹದಿಹರೆಯದವರಿಗೆ ಬಿಟ್ಟುಕೊಡಲಾರಂಭಿಸಿದವು. ಆಟಿಕೆಯ ಕೆಲಸವನ್ನು ಕೊಡದೆ ನಿಜವಾದ ಜವಾಬ್ದಾರಿಯನ್ನು ಕೊಡಬೇಕು ಎಂಬುದೇ ಈ ಆಚರಣೆಯ ಮೂಲತತ್ತ್ವ.

ಒಂದು ಟಗರಿನ ಕಥೆ

ಸಾಮಾಜಿಕ ಮಾಧ್ಯಮದಿಂದ ಸಂಗ್ರಹಾಲಯಕ್ಕೆ ನಿಜವಾಗಿ ಪ್ರಯೋಜನವಾದೀತೇ ಎಂಬ ಸಂದೇಹ ಹಿರಿಯರಿಗೆ ಬರುವುದು ಸಹಜ. ಇದಕ್ಕೆ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಗ್ರಾಮೀಣ ಜೀವನ ಸಂಗ್ರಹಾಲಯದ ಉದಾಹರಣೆ ಸ್ವಾರಸ್ಯಕರವಾಗಿದೆ. ನೇಗಿಲು, ಬಂಡಿ, ಬುಟ್ಟಿ ಮುಂತಾದ ಕೃಷಿ ಪರಿಕರಗಳನ್ನು ಕಾಪಾಡುತ್ತಿರುವ ಈ ಸಂಸ್ಥೆ 1951ರಲ್ಲಿ ಆರಂಭವಾದದ್ದು. 2018ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಸಿಬ್ಬಂದಿಯ ತರುಣರೊಬ್ಬರು ಸಂಗ್ರಹದಲ್ಲಿದ್ದ ಒಂದು ಹಳೆಯ ಕಪ್ಪುಬಿಳುಪು ಚಿತ್ರವನ್ನು ಟ್ವಿಟರಿನಲ್ಲಿ ಪ್ರಕಟಿಸಿದರು. ಚಿತ್ರದಲ್ಲಿದ್ದುದು ಅಸಾಧಾರಣವಾಗಿ ದಪ್ಪನಾದ ಒಂದು ಟಗರು. ಜೊತೆಗೆ ‘ಈ ಗಟ್ಟಿಕುಳವನ್ನು ನೋಡಿರಿ’ ಎಂಬ ಅರ್ಥದ, ತರುಣರ ಆಡುಮಾತಿನ ಒಂದೇ ವಾಕ್ಯ. ಲಕ್ಷಕ್ಕೂ ಮೀರಿದ ಜನರು ಅದನ್ನು ಮೆಚ್ಚಿದರು. ಜಗತ್ತಿನ ಮೂಲೆಮೂಲೆಗಳಲ್ಲಿ ಆ ಪುಟ್ಟ ಸಂಗ್ರಹಾಲಯದ ಹೆಸರು ಕೇಳಿಬಂದಿತು.

ಡಡ್ಲಿ ಪಟ್ಟಣದ ಬ್ಲ್ಯಾಕ್ ಕಂಟ್ರಿ ಸಂಗ್ರಹಾಲಯ ಗಣಿ ಮತ್ತು ಕಾರ್ಖಾನೆಗಳ ಕಾಲದ ಬದುಕನ್ನು ಜೀವಂತವಾಗಿ ತೋರಿಸುವ ಸ್ಥಳ. ಅದು 2020ರಲ್ಲಿ, ಮಹಾಮಾರಿಯ ಸಮಯದಲ್ಲಿ, ಟಿಕ್‌ಟಾಕ್ ಮಾಧ್ಯಮಕ್ಕೆ ಬಂದು, ಹಳೆಯ ಕಾಲದ ವೇಷಧರಿಸಿದ ಪಾತ್ರಗಳ ಮೂಲಕ ತರುಣರೊಡನೆ ಮಾತನಾಡಿ, ಹತ್ತು ಲಕ್ಷಕ್ಕೂ ಹೆಚ್ಚು ಅನುಯಾಯಿಗಳನ್ನು ಗಳಿಸಿತು. ಇಟಲಿಯ ಫ್ಲಾರೆನ್ಸಿನ ಪ್ರಸಿದ್ಧ ಉಫಿಜಿ ಕಲಾಸಂಗ್ರಹಾಲಯವೂ ಅದೇ ವರ್ಷದ ಏಪ್ರಿಲಿನಲ್ಲಿ ಅದೇ ದಾರಿ ಹಿಡಿಯಿತು.

ಇವೆಲ್ಲ ದೊಡ್ಡವರೇ ನಡೆಸಿದ ಕೆಲಸಗಳು ಎಂಬುದು ನಿಜ. ಆದರೆ ಇವುಗಳಿಂದ ಒಂದು ಪಾಠ ಸ್ಪಷ್ಟವಾಗುತ್ತದೆ. ವಸ್ತು ಹಳೆಯದಾಗಿದ್ದುದರಿಂದ ತರುಣರು ದೂರ ಉಳಿದಿರಲಿಲ್ಲ. ಅದರ ಬಗ್ಗೆ ಆಡುತ್ತಿದ್ದ ಮಾತು ಅವರದಾಗಿರಲಿಲ್ಲ. ಆ ಮಾತನ್ನು ದೊಡ್ಡವರು ಅನುಕರಿಸುವುದಕ್ಕಿಂತ, ಅದು ಯಾರ ನಾಲಗೆಯ ಮೇಲೆ ಸಹಜವಾಗಿ ಇದೆಯೋ ಅವರಿಂದಲೇ ಆಡಿಸುವುದು ಮೇಲಲ್ಲವೇ?

ಬಹುಕಾಲ ಉಳಿಯುವ ಫಲ

ಅಮೆರಿಕದ ಮಿನ್ನಿಯಾಪೊಲಿಸ್ ನಗರದ ವಾಕರ್ ಕಲಾಕೇಂದ್ರ 1996ರಲ್ಲಿಯೇ ಹದಿಹರೆಯದವರ ಮಂಡಳಿಯೊಂದನ್ನು ರಚಿಸಿತು. ಸಾಮಾಜಿಕ ಮಾಧ್ಯಮವಿನ್ನೂ ಹುಟ್ಟಿರದ ಕಾಲದಲ್ಲಿ ಆ ಮಕ್ಕಳು ತಮ್ಮ ಓರಗೆಯವರಿಗಾಗಿ ಕಾರ್ಯಕ್ರಮಗಳನ್ನು ತಾವೇ ಯೋಜಿಸುತ್ತಿದ್ದರು. ನ್ಯೂಯಾರ್ಕಿನ ವಿಟ್ನಿ, ಹೂಸ್ಟನ್ ಮತ್ತು ಲಾಸ್ ಏಂಜಲೀಸಿನ ಸಮಕಾಲೀನ ಕಲಾಸಂಗ್ರಹಾಲಯಗಳೂ ಇಂತಹ ಕಾರ್ಯಕ್ರಮಗಳನ್ನು ನಡೆಸಿದವು. ಈ ನಾಲ್ಕು ಸಂಸ್ಥೆಗಳು ಒಂದುಗೂಡಿ, ಹಿಂದೆ ತಮ್ಮಲ್ಲಿ ದುಡಿದು ಈಗ ದೊಡ್ಡವರಾಗಿರುವವರನ್ನು ಹುಡುಕಿ ವಿಚಾರಿಸಿ, 2015ರಲ್ಲಿ ವರದಿಯೊಂದನ್ನು ಪ್ರಕಟಿಸಿದವು. ಆ ಅನುಭವದ ಪ್ರಭಾವ ಹಲವು ವರ್ಷಗಳ ನಂತರವೂ ಅವರಲ್ಲಿ ಉಳಿದಿತ್ತು. ಆತ್ಮವಿಶ್ವಾಸ, ಇತರರ ದೃಷ್ಟಿಯಿಂದ ನೋಡುವ ಗುಣ, ಕಲಾಸಂಸ್ಥೆಗಳೊಡನೆ ಬಾಳಿನುದ್ದಕ್ಕೂ ಉಳಿಯುವ ಸಂಬಂಧ, ಇವು ಅವರು ಹೇಳಿದ ಲಾಭಗಳು.

ಹೀಗಾಗಿ ಅನುಯಾಯಿಗಳ ಸಂಖ್ಯೆಯನ್ನಷ್ಟೇ ಎಣಿಸುವುದು ಸರಿಯಲ್ಲ. ಟಗರಿನ ಚಿತ್ರವನ್ನು ಮೆಚ್ಚಿದ ಲಕ್ಷ ಜನರಲ್ಲಿ ರೆಡಿಂಗಿಗೆ ಬಂದವರು ಕೆಲವರೇ ಇರಬಹುದು. ಆದರೆ ಒಂದು ವಸ್ತುವಿನ ಕಥೆಯನ್ನು ಒಂದು ನಿಮಿಷದಲ್ಲಿ ಹೇಳಲೆಂದು ಮೂರು ವಾರ ಓದಿ, ಕೇಳಿ, ಬರೆದು, ಅಳಿಸಿ, ಮತ್ತೆ ಬರೆದ ಹದಿನೈದರ ಬಾಲಕಿ ಆ ವಸ್ತುವನ್ನು ಎಂದೂ ಮರೆಯಲಾರಳು. ಅವಳ ಹಿಂದೆ ಅವಳ ಗೆಳತಿಯರು ಬರುತ್ತಾರೆ, ತಂದೆತಾಯಿಗಳು ಬರುತ್ತಾರೆ.

ಆರೋಗ್ಯದ ದೃಷ್ಟಿಯಿಂದ

ಈ ಹಂತದಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯನ್ನು ಎದುರಿಸಲೇಬೇಕು. ಮಕ್ಕಳು ಈಗಾಗಲೇ ಹಗಲಿರುಳು ಫೋನು ಹಿಡಿದು ಕುಳಿತಿರುವಾಗ, ಸಂಗ್ರಹಾಲಯದ ಹೆಸರಿನಲ್ಲಿ ಅದನ್ನೇ ಮತ್ತಷ್ಟು ಪ್ರೋತ್ಸಾಹಿಸುವುದು ಸರಿಯೇ? ಈ ಕಳವಳ ನಿರಾಧಾರವಲ್ಲ. ಅಮೆರಿಕದ ಸರ್ಜನ್ ಜನರಲ್ 2023ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ದಿನಕ್ಕೆ 3 ಗಂಟೆಗಳಿಗೂ ಮೀರಿ ಸಾಮಾಜಿಕ ಮಾಧ್ಯಮದಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಇಮ್ಮಡಿಯಾಗಿ ಕಂಡುಬಂದಿದೆ. ಆಸ್ಟ್ರೇಲಿಯವು 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಮಾಧ್ಯಮಗಳಲ್ಲಿ ಖಾತೆ ಹೊಂದುವುದನ್ನು 2025ರ ಡಿಸೆಂಬರಿನಿಂದ ಕಾನೂನಿನ ಮೂಲಕ ತಡೆದಿದೆ. 13ರಿಂದ 18ರ ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ದೆ ಅಗತ್ಯವೆಂದು ವೈದ್ಯರು ಹೇಳುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಅದು ನಡೆಯುತ್ತಿದೆ ಎಂಬುದನ್ನು ಓದುಗರೇ ಆಲೋಚಿಸಲಿ.

ಆದರೆ ಬೆರಳಿನಿಂದ ಪರದೆಯನ್ನು ಸರಿಸುತ್ತ ಬಂದದ್ದನ್ನೆಲ್ಲ ನುಂಗುವುದು ಬೇರೆ, ಗೊತ್ತಾದ ಉದ್ದೇಶದಿಂದ ಒಂದು ವಸ್ತುವನ್ನು ನಿರ್ಮಿಸುವುದು ಬೇರೆ. ಹೋಟೆಲಿನಲ್ಲಿ ಕುಳಿತು ತಿನ್ನುತ್ತಲೇ ಇರುವುದಕ್ಕೂ ಅಡಿಗೆಮನೆಯಲ್ಲಿ ನಿಂತು ಅಡಿಗೆ ಕಲಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಸಂಗ್ರಹಾಲಯದ ಕೆಲಸದಲ್ಲಿ ಹೆಚ್ಚಿನ ಸಮಯ ಕಳೆಯುವುದು ಫೋನಿನ ಮುಂದಲ್ಲ. ವಸ್ತುವಿನ ಮುಂದೆ ನಿಲ್ಲಬೇಕು, ಗ್ರಂಥಾಲಯದಲ್ಲಿ ಕುಳಿತುಕೊಳ್ಳಬೇಕು, ತಜ್ಞರನ್ನು ಪ್ರಶ್ನಿಸಬೇಕು, ಓರಗೆಯವರೊಡನೆ ಚರ್ಚಿಸಬೇಕು. ಚಿತ್ರೀಕರಣ ಕೊನೆಯ ಹಂತ ಮಾತ್ರ. ಒಂಟಿತನ, ನಿರುದ್ದೇಶ, ಇತರರೊಡನೆ ತನ್ನನ್ನು ಹೋಲಿಸಿಕೊಂಡು ಕುಗ್ಗುವುದು, ಇವು ಪರದೆಯ ಮೇಲಿನ ಬದುಕಿನ ಮುಖ್ಯ ವ್ಯಾಧಿಗಳು. ಕೂಡಿ ಮಾಡುವ, ತನಗಿಂತ ದೊಡ್ಡದಾದ ವಿಷಯವೊಂದಕ್ಕೆ ಸಲ್ಲುವ ಕೆಲಸ ಇವುಗಳಿಗೆ ಒಂದು ಪಥ್ಯವಾಗಬಲ್ಲದು. ಇದು ಔಷಧವೆಂದು ಯಾರೂ ಭಾವಿಸಬಾರದು. ಖಿನ್ನತೆಯ ಲಕ್ಷಣಗಳಿರುವ ಮಗುವಿಗೆ ವೈದ್ಯರ ಸಲಹೆಯೇ ಬೇಕು.

ಹೇಗೆ ನಡೆಸಬೇಕು?

ಇಂತಹ ಕಾರ್ಯ ಯಶಸ್ವಿಯಾಗಬೇಕಾದರೆ ಕೆಲವು ನಿಯಮಗಳು ಅವಶ್ಯಕ.

ಮೊದಲನೆಯದಾಗಿ, ಖಾತೆ ಸಂಗ್ರಹಾಲಯದ್ದಾಗಿಯೇ ಉಳಿಯಬೇಕು. ಅದರ ಗುಪ್ತಪದ ಸಿಬ್ಬಂದಿಯ ಬಳಿ ಇರಬೇಕು. ಮಕ್ಕಳು ಸಿದ್ಧಪಡಿಸಿದ್ದನ್ನು ಪ್ರಕಟಿಸುವ ಕೆಲಸ ಅವರದು. ಹೀಗೆ ಮಾಡಿದರೆ ಮಗುವಿನ ಸ್ವಂತ ಖಾತೆಯ ಅಗತ್ಯವೇ ಬೀಳುವುದಿಲ್ಲ.

ಎರಡನೆಯದಾಗಿ, ಮಗುವಿನ ಮುಖ, ಪೂರ್ಣ ಹೆಸರು, ಶಾಲೆಯ ಹೆಸರು ಇವು ಕಾಣಿಸಬೇಕಾಗಿಲ್ಲ. ದನಿ, ಕೈ ಮತ್ತು ವಸ್ತು ಇಷ್ಟಿದ್ದರೆ ಸಾಕು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ, ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆಯನ್ನು ಬಯಸುತ್ತದೆ. ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಸೇರಿಸಿಕೊಳ್ಳಕೂಡದು.

ಮೂರನೆಯದಾಗಿ, ಓದುಗರ ಪ್ರತಿಕ್ರಿಯೆಗಳನ್ನು ದೊಡ್ಡವರೇ ಮೊದಲು ನೋಡಬೇಕು. ಅಪರಿಚಿತರ ಬೈಗುಳನ್ನು ಹದಿನಾಲ್ಕರ ಮಗು ಒಂಟಿಯಾಗಿ ಓದುವಂತಾಗಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ತಜ್ಞರು ತಿದ್ದಬೇಕಾದುದು ಸಂಗತಿಯನ್ನು, ಶೈಲಿಯನ್ನಲ್ಲ. ಶತಮಾನ ತಪ್ಪಾಗಿದ್ದರೆ ತಿದ್ದಲಿ. ದೇವತೆಯ ಹೆಸರು ತಪ್ಪಾಗಿದ್ದರೆ ತಿದ್ದಲಿ. ‘ಈ ಮಾತು ಸಂಸ್ಥೆಯ ಘನತೆಗೆ ತಕ್ಕುದಲ್ಲ’ ಎಂದು ಪ್ರತಿ ವಾಕ್ಯವನ್ನೂ ಇಸ್ತ್ರಿ ಮಾಡಿದರೆ ಮಗುವಿನ ದನಿ ಅಡಗಿ, ಹಳೆಯ ಚೀಟಿಯೇ ಹೊಸ ವೇಷದಲ್ಲಿ ಹೊರಬರುತ್ತದೆ. ವಸ್ತುವಿನ ವಿಷಯದಲ್ಲಿ ಅಪಹಾಸ್ಯ, ಯಾವುದೇ ಸಮುದಾಯದ ಶ್ರದ್ಧೆಗೆ ನೋವು, ಇವನ್ನು ಮಾತ್ರ ತಡೆಯಬೇಕು.

ಐದನೆಯದಾಗಿ, ಕಾಲದ ಮಿತಿ ಇರಬೇಕು. ಎಂಟರಿಂದ ಹತ್ತು ಮಕ್ಕಳ ಒಂದು ತಂಡ, ವಾರಕ್ಕೊಮ್ಮೆ ಎರಡು ಗಂಟೆ, ಒಟ್ಟು ಮೂರು ತಿಂಗಳು ಸಾಕು. ಪರೀಕ್ಷೆಯ ದಿನಗಳಲ್ಲಿ ಬಿಡುವು ಕೊಡಬೇಕು. ಕೊನೆಯಲ್ಲಿ ಪ್ರಮಾಣಪತ್ರವನ್ನೂ ಪ್ರಯಾಣದ ವೆಚ್ಚವನ್ನೂ ಕೊಡಬೇಕು. ಪ್ರಯಾಣದ ಖರ್ಚು ಭರಿಸಲಾರದ ಮಗುವಿಗೂ ಬಾಗಿಲು ತೆರೆದಿರಬೇಕಲ್ಲವೇ? ಲಂಡನಿನ ಟೇಟ್ ಕಲಾಸಂಗ್ರಹಾಲಯವು 2018ರಲ್ಲಿ 16ರಿಂದ 25 ವರ್ಷದವರಿಗೆ ವಿಶೇಷ ಪ್ರದರ್ಶನಗಳ ಟಿಕೆಟನ್ನು 5 ಪೌಂಡಿಗೆ ಇಳಿಸಿದ್ದು ಇದೇ ವಿವೇಕದಿಂದ.

ನಮ್ಮ ನಗರಗಳಲ್ಲಿ ಕಾದಿರುವ ಕನ್ನಡದ ಕಲ್ಲುಗಳು

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ ಕೊನೆಯಲ್ಲಿ ನಿಷೇಧಕ್ಕೊಳಗಾದರೂ ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮುಂತಾದ ಮಾಧ್ಯಮಗಳು ನಮ್ಮ ಮಕ್ಕಳ ಕೈಯಲ್ಲಿವೆ. ಮಕ್ಕಳ ಮೇಲೆ ನಂಬಿಕೆಯಿಟ್ಟ ಸಂಗ್ರಹಾಲಯಗಳೂ ಇಲ್ಲದಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ 2015ರಲ್ಲಿ ಸಂಚಾರಿ ಸಂಗ್ರಹಾಲಯದ ಬಸ್ಸನ್ನು ಆರಂಭಿಸಿತು. 2019ರಲ್ಲಿ ಅದು ತನ್ನ ಆವರಣದಲ್ಲಿ ಮಕ್ಕಳ ಸಂಗ್ರಹಾಲಯವನ್ನು ತೆರೆದಾಗ, ಮೊದಲ ಪ್ರದರ್ಶನದ ವಸ್ತುಗಳ ಆಯ್ಕೆಯಲ್ಲಿ ಶಾಲಾಮಕ್ಕಳೇ ಪಾಲ್ಗೊಂಡಿದ್ದರು. ವಸ್ತುವನ್ನು ಆರಿಸಬಲ್ಲ ಮಕ್ಕಳು ಅದರ ಕಥೆಯನ್ನು ಜಗತ್ತಿಗೆ ಹೇಳಲಾರರೇ?

ಅದೇ ಸಂಗ್ರಹಾಲಯದಲ್ಲಿ ನಮ್ಮ ಐಹೊಳೆಯ ಗುಡಿಯ ಮೇಲ್ಛಾವಣಿಯ ಶಿಲಾಫಲಕಗಳಿವೆ. ಬ್ರಹ್ಮ, ಅನಂತಶಾಯಿಯಾದ ವಿಷ್ಣು, ಪಾರ್ವತೀಸಹಿತನಾದ ಶಿವ, ಹೀಗೆ ಚಾಲುಕ್ಯ ಶಿಲ್ಪಿಗಳ ಕೈಚಳಕ ಅರಬ್ಬೀ ಸಮುದ್ರದ ತೀರದಲ್ಲಿ ಕಾದು ನಿಂತಿದೆ. ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿಯೂ ಐಹೊಳೆಯಿಂದ ಹೋದ, ಆಕಾಶದಲ್ಲಿ ತೇಲುವ ಗಂಧರ್ವ ದಂಪತಿಗಳಿದ್ದಾರೆ. ಅದೇ ಕಟ್ಟಡದಲ್ಲಿರುವ ಮೊಹೆಂಜೊದಾರೊದ ನರ್ತಕಿಯ ಕಂಚಿನ ವಿಗ್ರಹದ ಎತ್ತರ ಕೇವಲ 10.5 ಸೆಂಟಿಮೀಟರು. ಜನಸಂದಣಿಯಲ್ಲಿ ಗಾಜಿನ ಆಚೆಯಿಂದ ಸರಿಯಾಗಿ ಕಾಣದ ಆ ಬಳೆತೊಟ್ಟ ತೋಳನ್ನು ಒಂದು ಫೋನಿನ ಕ್ಯಾಮರಾ ಅಂಗೈಯಗಲ ಮಾಡಿ ತೋರಿಸಬಲ್ಲದು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಬಿದರಿ ಪಾತ್ರೆಗಳ ಸಾಲೇ ಇದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರಿನ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಆ ಕಲೆಯ ಬಗ್ಗೆ ಒಂದು ನಿಮಿಷದ ಚಿತ್ರ ಎಷ್ಟು ಸೊಗಸಾದೀತು! ಚೆನ್ನೈಯ ಸಂಗ್ರಹಾಲಯದಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಶಿಲ್ಪಗಳಿವೆ.

ಪುಣೆಯ ಕೇಳ್ಕರ್ ಸಂಗ್ರಹಾಲಯದ ಬಗೆಯೇ ಬೇರೆ. ತೀರಿಹೋದ ಮಗನ ನೆನಪಿಗಾಗಿ ದಿನಕರ ಕೇಳ್ಕರರು ದೇಶವನ್ನೆಲ್ಲ ಸುತ್ತಿ ಕೂಡಿಸಿದ ದೀಪಗಳು, ಅಡಕತ್ತರಿಗಳು, ವಾದ್ಯಗಳು, ಗೃಹೋಪಯೋಗಿ ಸಾಮಾನುಗಳು ಅಲ್ಲಿವೆ. ಈ ವಸ್ತುಗಳ ಬಳಕೆಯನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ, ಅಜ್ಜಿಯರ ರೂಪದಲ್ಲಿ. ಊರು ಬಿಟ್ಟು, ಮಾತಿಗೆ ಜೊತೆಯಿಲ್ಲದೆ, ಮಹಾನಗರದ ಮೂರನೆಯ ಮಹಡಿಯ ಕಿಟಕಿಯ ಬಳಿ ದಿನ ನೂಕುವ ಅಜ್ಜಿಗೆ ಅಡಕತ್ತರಿಯ ನೂರು ಕಥೆಗಳು ಗೊತ್ತು. ಮೊಮ್ಮಗನಿಗೆ ಕ್ಯಾಮರಾ ಗೊತ್ತು. ಸಂಗ್ರಹಾಲಯದಲ್ಲಿ ಅಡಕತ್ತರಿ ಇದೆ. ಈ ಮೂವರನ್ನು ಒಂದೆಡೆ ಸೇರಿಸುವುದಕ್ಕಿಂತ ಮಿಗಿಲಾದ ಸಾಂಸ್ಕೃತಿಕ ಕಾರ್ಯ ಯಾವುದಿದೆ? ಅಜ್ಜಿಯ ಏಕಾಂತಕ್ಕೂ ಮೊಮ್ಮಗನ ಏಕಾಂತಕ್ಕೂ ಇದೊಂದು ಸಾಂತ್ವನ.

ಸಂಘದ ಪಾತ್ರ

ನಮ್ಮ ಎರಡನೆಯ ಮತ್ತು ಮೂರನೆಯ ಪೀಳಿಗೆಯ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡಬಲ್ಲರು, ಓದಲಾರರು. ಅವರಿಗಾಗಿ ನಾವು ನಡೆಸುವ ಕನ್ನಡ ವರ್ಗಗಳಿಗೆ ಸಂಖ್ಯೆ ಕಡಿಮೆಯಾಗುತ್ತಿದೆ. ‘ಕನ್ನಡ ಕಲಿಯಿರಿ’ ಎಂದು ಉಪದೇಶಿಸುವುದರಿಂದ ಮಾತ್ರ ಅವರು ಬರಲಾರರು. ‘ಐಹೊಳೆಯ ಈ ಕಲ್ಲಿನ ಬಗ್ಗೆ ಕನ್ನಡದಲ್ಲಿ ಹೇಳುವವರು ಈ ನಗರದಲ್ಲಿ ಯಾರೂ ಇಲ್ಲ, ನೀನು ಹೇಳುವೆಯಾ?’ ಎಂದು ಕೇಳಿದರೆ ಕಲಿಯಲು ಒಂದು ಕಾರಣ ಸಿಕ್ಕುತ್ತದೆ. ಕೆಲಸ ಮುಂದೆ ನಡೆಯುತ್ತದೆ, ಭಾಷೆ ಅದರ ಬೆನ್ನು ಹಿಡಿದು ಬರುತ್ತದೆ.

ಇದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ಸಂಘದ ಕಾರ್ಯಕಾರಿ ಸಮಿತಿ ತನ್ನ ನಗರದ ಸಂಗ್ರಹಾಲಯದ ಶಿಕ್ಷಣ ವಿಭಾಗಕ್ಕೆ ಒಂದು ಪತ್ರ ಬರೆಯಬೇಕು. ಛಾಯಾಚಿತ್ರಣದ ನಿಯಮಗಳನ್ನು ಕೇಳಿ ತಿಳಿದುಕೊಳ್ಳಬೇಕು. ಇತಿಹಾಸ ಬಲ್ಲ ಒಬ್ಬ ಸದಸ್ಯರನ್ನೂ ಮಕ್ಕಳ ಕ್ಷೇಮ ನೋಡಿಕೊಳ್ಳುವ ಒಬ್ಬ ತಾಯಿಯನ್ನೂ ಜೊತೆಗೆ ನೇಮಿಸಬೇಕು. ಮೊದಲ ವರ್ಷ ಒಂದೇ ವಸ್ತು, ಒಂದೇ ನಿಮಿಷ ಸಾಕು. ಅದನ್ನು ಬಿಡುಗಡೆ ಮಾಡಲು ಮೇ 18ರ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನಕ್ಕಿಂತ ಯೋಗ್ಯವಾದ ದಿನವಿಲ್ಲ. ಅಂದು ಶಾಲೆಗಳಿಗೂ ರಜೆಯಿರುತ್ತದೆ. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹವಾದರೆ ನಮ್ಮ ರಾಜ್ಯೋತ್ಸವದ ತಿಂಗಳಲ್ಲಿಯೇ ಬರುತ್ತದೆ.

ಅಂತರರಾಷ್ಟ್ರೀಯ ಸಂಗ್ರಹಾಲಯಗಳ ಮಂಡಳಿ 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಮುದಾಯಗಳ ಪಾಲ್ಗೊಳ್ಳುವಿಕೆಗೆ ಸ್ಪಷ್ಟವಾದ ಸ್ಥಾನ ಕೊಟ್ಟಿದೆ. ಆದ್ದರಿಂದ ನಾವು ಕೇಳುವುದು ಔದಾರ್ಯವನ್ನಲ್ಲ, ಸಂಗ್ರಹಾಲಯಗಳು ತಾವೇ ಒಪ್ಪಿಕೊಂಡಿರುವ ಕರ್ತವ್ಯವನ್ನು. ನಮ್ಮ ಪಾಲಿನ ಕರ್ತವ್ಯವೂ ಒಂದಿದೆ: ಮಕ್ಕಳನ್ನು ನಂಬುವುದು. ಅವರ ಕೈಗೆ ಫೋನನ್ನು ನಾವೇ ಕೊಟ್ಟಾಗಿದೆ. ಆ ಕೈಗೆ ಈಗ ಒಂದು ಒಳ್ಳೆಯ ಕೆಲಸವನ್ನೂ ಕೊಡೋಣ.